ಮನೆ ಮಗನ ಕೂಲಿ

ಪಾಯಿಂಟಿಗೆ ಮುನ್ನೂರು ಎಂದು ಚನ್ನಕೇಶವ ಬಾಯಿ ಬಿಟ್ಟಾಗಲೆಲ್ಲ ಅವನ ಮನೆಯ ಮೂರು ಜನರ ಕೂಲಿ ಸದ್ದಿಲ್ಲದೆ ಸಾಯುತ್ತಿತ್ತು. ಅದು ಕೊಲೆ ಎಂದು ಯಾರಿಗೂ ಅನಿಸಿರಲಿಲ್ಲ. ಕೊಡಿಗೇಹಳ್ಳಿಯಲ್ಲಿ ಅದಕ್ಕೆ ಒಳ್ಳೆಯತನ ಎಂದು ಹೆಸರಿತ್ತು.

ಒಂದು ಲೈಟು, ಒಂದು ಫ್ಯಾನು, ಒಂದು ಪ್ಲಗ್ಗು, ಹೀಗೆ ಯಾವುದಕ್ಕಾದರೂ ಗೋಡೆ ಕೊರೆದು ಪೈಪು ಇಳಿಸಿ, ವೈರು ಎಳೆದು, ಸ್ವಿಚ್ಚು ಕೂರಿಸಿದರೆ ಅದು ಒಂದು ಪಾಯಿಂಟು. ಸಾಮಾನು ಮನೆ ಕಟ್ಟಿಸುವವರದು, ಕೈಕೆಲಸ ಚನ್ನಕೇಶವನದು. ಎಂಟು ವರ್ಷದಿಂದ ಅದೇ ಮುನ್ನೂರು. ಆ ಎಂಟು ವರ್ಷದಲ್ಲಿ ಊರಿನ ಸೈಟುಗಳು ಮುಟ್ಟಿದರೆ ಸುಡುವ ಬೆಲೆಗೆ ಏರಿದ್ದವು. ಹುರುಳಿ ಬೆಳೆಯುತ್ತಿದ್ದ ಹೊಲಗಳು ಐದಂತಸ್ತಿನ ಬಾಡಿಗೆ ಮನೆಗಳಾಗಿ ತಿಂಗಳು ತಿಂಗಳು ಫಸಲು ಕೊಡುತ್ತಿದ್ದವು. ಆ ಮನೆಗಳಿಗೆ ಬೆಳಕು ಕೊಟ್ಟವನ ರೇಟು ಮಾತ್ರ ಕದಲಿರಲಿಲ್ಲ.

ಅವರೆಕಾಯಿಯ ಕಾಲ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚನ್ನಕೇಶವನ ಹೆಂಡತಿ ನಾಗಲಕ್ಷ್ಮಿಯೂ ಸೊಸೆ ದಿವ್ಯಳೂ ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಮನೋಹರ್ ಮೈತುಂಬ ಸಿಮೆಂಟು ಧೂಳು ಹೊತ್ತು ಸೈಟಿನಿಂದ ಬಂದವನು ಅಪ್ಪನ ಮುಂದೆ ಕೈ ಚಾಚಿದ.

"ಅಪ್ಪಾ, ಒಂದೈನೂರು ಕೊಡು."

"ಮೊನ್ನೆ ತಾನೆ ಇಸ್ಕೊಂಡ್ಯಲ್ಲೋ."

"ಅದು ಪೆಟ್ರೋಲ್‌ಗೆ. ಇದು ದಿವ್ಯನ ಚಪ್ಲಿಗೆ. ಕಿತ್ತೋಗೈತೆ."

"ಹೊಲಿಸ್ಕೊಂಡ್ರಾಯ್ತಪ್ಪ," ಎಂದಳು ನಾಗಲಕ್ಷ್ಮಿ.

"ಎರಡು ಸಲ ಹೊಲಿಸಾಯ್ತು ಅತ್ತೆ," ದಿವ್ಯ ತಲೆ ಎತ್ತದೆ ಹೇಳಿದಳು. ಕೊಂಚ ಬಿಟ್ಟು ಕೇಳಿದಳು: "ಮಾವ, ನಿಮ್ ಆಳು ಫಕೀರಪ್ಪಂಗೆ ದಿನಕ್ಕೆಷ್ಟು ಕೊಡ್ತೀರಿ?"

"ಸಾವಿರ. ಯಾಕಮ್ಮ?"

"ಇವ್ರಿಗೆ?"

"ಯಾರಿಗೆ?"

"ನಿಮ್ಮ ಮಗಂಗೆ."

ಚನ್ನಕೇಶವ ನಕ್ಕ. ಸೊಸೆ ತಮಾಷೆ ಮಾಡುತ್ತಿದ್ದಾಳೆ ಎಂದೇ ತಿಳಿದ. "ಮನೆ ಮಗಂಗೆ ಯಾರಮ್ಮ ಕೂಲಿ ಕೊಡ್ತಾರೆ? ಅವನ್ದೇ ಮನೆ, ಅವನ್ದೇ ಕೆಲ್ಸ."

"ನಂದೇ ಕೆಲ್ಸ ಆದ್ರೆ ಐನೂರಕ್ಕೆ ಯಾಕೆ ನಿನ್ ಮುಂದೆ ನಿಂತಿದ್ದೀನಿ?" ಎಂದ ಮನೋಹರ್. ಅವನು ತಮಾಷೆ ಮಾಡುತ್ತಿರಲಿಲ್ಲ. "ಫಕೀರಪ್ಪ ಊರಿಗೆ ದುಡ್ಡು ಕಳಿಸ್ತಾನೆ. ನಾನು ಹೆಂಡ್ತಿಗೆ ಚಪ್ಲಿ ಕೊಡ್ಸಕ್ಕಾಗಲ್ಲ. ಆಂಜಿನಪ್ಪ ಮಾವನ ಬಿಲ್ಡಿಂಗ್ ಬರ್ತೈತಲ್ಲ, ಅದ್ರಲ್ಲಿ ನನ್ ಕೂಲಿ ಸೇರಿಸಿ ರೇಟ್ ಹೇಳು. ಇಲ್ಲಾಂದ್ರೆ ನಾನು ಬೇರೆ ದಾರಿ ನೋಡ್ಕೋತೀನಿ."

ಅಂದಿನ ಹಿತಕಬೇಳೆ ಸಾರು ಯಾರಿಗೂ ರುಚಿಸಲಿಲ್ಲ.

ದಿವ್ಯ ಸಹಕಾರನಗರದ ಒಂದು ಲ್ಯಾಬಿನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದಳು. ರಕ್ತ ತೆಗೆದ ಮೇಲೆ ಒತ್ತಿ ಹಿಡಿಯುವ ಹತ್ತಿಗೂ ಅಲ್ಲಿ ಬೆಲೆ ಹಾಕುತ್ತಿದ್ದರು. ಆ ವಾರವೆಲ್ಲ ಅವಳು ಸಂಜೆ ಬಂದವಳೇ ಮಾವನ ಪಕ್ಕ ಕೂತು ಲೆಕ್ಕ ಒಪ್ಪಿಸಿದಳು. ದಿನಕ್ಕೆ ಎಷ್ಟು ಪಾಯಿಂಟ್ ಆಗುತ್ತದೆ, ಮೂವರ ಕೂಲಿ ಎಷ್ಟು, ಪೆಟ್ರೋಲು, ಸವೆದು ಬಿಸಾಡುವ ಬ್ಲೇಡು, ಮಳೆ ಬಂದು ನಿಂತ ದಿನ, ಕಟ್ಟಿಸುವವರು ಗೋಡೆ ಬದಲಿಸಿ ಮತ್ತೆ ಮಾಡಿಸುವ ಕೆಲಸ. ಎಲ್ಲ ಕಳೆದು ಮುನ್ನೂರರಲ್ಲಿ ಉಳಿಯುವುದು ಏನೂ ಇರಲಿಲ್ಲ.

"ಉಳೀತೈತಲ್ಲಮ್ಮ, ಮನೆ ನಡೀತಿಲ್ವಾ?" ಎಂದ ಚನ್ನಕೇಶವ.

"ಅದು ಉಳಿದಿದ್ದಲ್ಲ ಮಾವ. ನೀವು ಲಾಭ ಅಂದ್ಕೊಂಡಿರೋದು ಇವ್ರ ಕೂಲಿ, ನಿಮ್ಮ ಕೂಲಿ, ಅತ್ತೆ ಕೂಲಿ. ಲಾಭ ಅಂದ್ರೆ ಅದಾದ್ಮೇಲೆ ಬರೋದು."

"ನನ್ ಕೂಲಿನಾ?" ನಾಗಲಕ್ಷ್ಮಿ ಒಲೆಯ ಮುಂದಿಂದ ತಿರುಗಿದಳು. "ನಾನ್ಯಾವಾಗ ಕೂಲಿಗೆ ಹೋಗಿದ್ದೆ?"

"ದಿನಾ ಕ್ಯಾರಿಯರ್ ಕಟ್ತೀರಲ್ಲ ಅತ್ತೆ. ಮೂರು ಜನಕ್ಕೆ ಮುದ್ದೆ, ಅನ್ನ, ಸಾರು. ಫಕೀರಪ್ಪ ಹೊರಗಡೆ ಉಂಡ್ರೆ ನೂರು ರೂಪಾಯಿ. ಅದೂ ಕೆಲಸದ ಖರ್ಚೇ ತಾನೆ?"

"ಅಂದ್ರೆ ನಾನು ಅಡುಗೆಯವಳಾ? ಮನೆಗೆ ಬಂದೋರ ಹೊಟ್ಟೆಗೆ ಹಾಕೋದಕ್ಕೂ ರೇಟು ಕಟ್ಟಿದ್ಯಾ? ನಾಳೆ ನಿನ್ ಗಂಡ ಉಂಡ ತಟ್ಟೆಗೂ ಬಿಲ್ ಹಾಕ್ತೀಯೇನೇ?" ಎಂದು ಅವಳು ಸೌಟು ಕುಕ್ಕಿದಳು. ಮೂವತ್ತು ವರ್ಷ ಬೆಳಗಿನ ಐದಕ್ಕೆದ್ದು ಮುದ್ದೆ ತೊಳಸಿದ ಕೈಗೆ ಯಾರೋ ಮೊದಲ ಸಲ ಬೆಲೆ ಹೇಳಿದ್ದರು. ಅದು ಅವಳಿಗೆ ಬೈಗುಳದಂತೆ ಕೇಳಿಸಿತು. ದುಡಿಸಿಕೊಳ್ಳುವವರು ದುಡಿಯುವವರಿಗೆ ಎಷ್ಟು ಚೆನ್ನಾಗಿ ಕಲಿಸಿಟ್ಟಿದ್ದಾರೆ ನೋಡಿ.

ಎರಡು ದಿನ ಅತ್ತೆ ಸೊಸೆ ಮಾತಾಡಲಿಲ್ಲ. ಕೊನೆಗೆ ಊಟ ಲೆಕ್ಕದಿಂದ ಹೊರಗೆ ಹೋಯಿತು, ಮನೋಹರನ ಕೂಲಿ ಒಳಗುಳಿಯಿತು. ಪಾಯಿಂಟಿಗೆ ನಾನೂರ ಐವತ್ತು ಎಂದು ನಿಂತಿತು.

"ಬಾಯಲ್ಲಿ ಬರ್ತೈತಾ ಮಾವ? ಒಂದ್ಸಲ ಹೇಳಿ ನೋಡೋಣ."

"ನಾನೂರ ಐವತ್ತು," ಎಂದ ಚನ್ನಕೇಶವ.

"ಗಟ್ಟಿಯಾಗಿ."

"ಏಯ್ ಹೋಗಮ್ಮ," ಎಂದು ನಗುತ್ತ ಎದ್ದ. ಮನೋಹರನೂ ನಕ್ಕ. ಆ ಮನೆಯಲ್ಲಿ ಆಮೇಲೆ ಬಹಳ ದಿನ ಯಾರೂ ಹಾಗೆ ನಗಲಿಲ್ಲ.

ಭಾನುವಾರ ಆಂಜಿನಪ್ಪ ಬಂದ. ಚನ್ನಕೇಶವನ ತಾಯಿ ಮುನಿವೆಂಕಟಮ್ಮನಿಗೆ ಅವನು ಅಣ್ಣನ ಮಗ. ಬಿಳಿ ಕಾರನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಬಿಳಿ ಅಂಗಿಯ ತೋಳು ಮಡಿಸುತ್ತ ಇಳಿದ. ಅವನ ಹೆಂಡತಿ ಕೊಟ್ಟು ಕಳಿಸಿದ್ದ ಸ್ಟೀಲ್ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಮೇಲೆ ನೂರೊಂದು ರೂಪಾಯಿ. ಸೀದಾ ಮಂಚದ ಮೇಲೆ ಕೂತಿದ್ದ ಮುದುಕಿಯ ಕಾಲಿಗೆ ಬಿದ್ದ.

"ಅತ್ತೆಮ್ಮ, ತಾರಸಿ ಮೋಲ್ಡ್ ಆಯ್ತು. ವೈರಿಂಗ್ ಶುರುವಾಗ್ಬೇಕು. ನಿನ್ ಕೈಯಿಂದ್ಲೇ ಆಗ್ಲಿ ಅಂತ ಬಂದೆ."

ಮುನಿವೆಂಕಟಮ್ಮನ ಕಣ್ಣು ತುಂಬಿತು. "ನಮ್ಮಪ್ಪನ ಒಲ ಅದು. ಅಲ್ಲಿ ನನ್ ಮಗ ದೀಪ ಅಚ್ಚದೆ ಇನ್ಯಾರು ಅಚ್ಚಬೇಕು?"

ಒಳಗಿನಿಂದ ದಿವ್ಯ ಪಾತ್ರೆ ಸದ್ದು ಮಾಡಿದಳು. ಚನ್ನಕೇಶವ ಗಂಟಲು ಸರಿಮಾಡಿಕೊಂಡ.

"ಆಂಜಿನಪ್ಪ, ರೇಟಿಂದು ಒಂದು ಮಾತು..."

"ರೇಟಾ?" ಆಂಜಿನಪ್ಪ ಬಾಯ್ತುಂಬ ನಕ್ಕ. "ಬಾವ, ನಮ್ ನಮ್ಮಲ್ಲಿ ಎಂಥ ರೇಟು? ನೋಡಿ ಕೊಟ್ರಾಯ್ತು. ನಿನ್ ಕೆಲ್ಸ ನಂಗ್ ಗೊತ್ತಿಲ್ವಾ, ನನ್ ಕೈ ನಿಂಗ್ ಗೊತ್ತಿಲ್ವಾ?"

"ಅಂಗಲ್ಲ ಮಾವ," ಮನೋಹರ್ ಬಾಗಿಲಿಂದ ಹೇಳಿದ. "ಈಗೆಲ್ಲ ಮೊದ್ಲೇ..."

"ದೊಡ್ಡೋರು ಮಾತಾಡೋವಾಗ ನೀನು ಸುಮ್ಕಿರ್ಲಾ," ಎಂದಳು ಮುದುಕಿ. ಸೆರಗೊಡ್ಡಿ ವೀಳ್ಯ ಇಸಿದುಕೊಂಡಳು.

ಅಲ್ಲಿಗೆ ಮುಗಿಯಿತು. ವೀಳ್ಯ ಹಿಡಿದ ಮೇಲೆ ಬೆಲೆ ಮಾತಾಡುವುದು ಆ ಮನೆತನಗಳಲ್ಲಿ ಇಲ್ಲ. ವೀಳ್ಯ ಹಿಡಿಯುವ ಮೊದಲು ಮಾತಾಡುವುದು ಮರ್ಯಾದೆಯಲ್ಲ. ಬೆಲೆ ಹೇಳುವ ಗಳಿಗೆಯೇ ಎಲ್ಲೂ ಬಾರದ ಹಾಗೆ ಕಟ್ಟಿದ ಪದ್ಧತಿ ಅದು. ಕಾರಿನಲ್ಲಿ ಬಂದವನಿಗೆ ಅದರಿಂದ ಯಾವತ್ತೂ ನಷ್ಟವಾಗಿಲ್ಲ. ಆಂಜಿನಪ್ಪ ಎರಡು ಮುದ್ದೆ ಬಸ್ಸಾರು ಉಂಡು, ನಾಗಲಕ್ಷ್ಮಿಯ ಕೈರುಚಿ ಹೊಗಳಿ ಹೋದ.

ಕಾರು ತಿರುಗುವ ಮೊದಲೇ ಜಗಳ ಶುರುವಾಯಿತು.

"ಅಜ್ಜಿ, ಆ ಜಾಗದಲ್ಲಿ ನಿಮ್ಮ ಭಾಗನೂ ಇತ್ತಲ್ವಾ? ಸೈನ್ ಹಾಕ್ಕೊಟ್ರಿ. ಏನ್ ಕೊಟ್ರು ನಿಮ್ಗೆ?" ಎಂದಳು ದಿವ್ಯ.

"ಅರಿಸಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ರು. ಅತ್ತು ಸಾವ್ರ ಕೊಟ್ರು. ತವರಿನ ಬಾಗ್ಲು ತೆರೆದಿರ್ಲಿ ಅಂತ ಎಬ್ಬೆಟ್ ಒತ್ದೆ. ನಿಂಗೇನ್ ಗೊತ್ತು ಅದ್ರ ಬೆಲೆ?"

"ಕೋಟಿ ಅಜ್ಜಿ. ಅದ್ರ ಬೆಲೆ ಕೋಟಿ."

"ಅಮ್ಮನ ಜೊತೆ ಅಂಗೆಲ್ಲ ಮಾತಾಡ್ಬೇಡ," ಎಂದು ಚನ್ನಕೇಶವ ಗದರಿದ. ಮನೋಹರ್ ಅಪ್ಪನ ಕಡೆ ತಿರುಗಿದ.

"ಅವಳಿಗೆ ಗದರ್ಸಕ್ಕೆ ಬಾಯಿ ಬರ್ತೈತೆ. ನಾನೂರ ಐವತ್ತು ಅನ್ನಕ್ಕೆ ಬರ್ಲಿಲ್ಲ."

"ವೀಳ್ಯ ಹಿಡಿದಾದ್ಮೇಲೆ ಏನಂತ ಹೇಳ್ಲೋ? ನೋಡಿ ಕೊಡ್ತೀನಿ ಅಂದವ್ನಲ್ಲ. ಅವನೇನ್ ಕೆಟ್ಟೋನಾ? ನೋಡೋಣ. ಇದೊಂದು ಕೆಲ್ಸ ಮುಗಿಸ್ಕೊಡು. ಕೊಟ್ಟಿದ್ರಲ್ಲಿ ನಿನ್ ಪಾಲು ನಿನ್ ಕೈಗೇ ಹಾಕ್ತೀನಿ."

ಮಗ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ.

ಕೆಲಸ ಬೆಳೆಯಿತು. ಹೇಳಿದ್ದು ನಾಲ್ಕಂತಸ್ತು, ಏರಿದ್ದು ಐದು. ಆಂಜಿನಪ್ಪ ದಿನಾ ಬೆಳಗ್ಗೆ ಬಂದು ಗೋಡೆ ತಟ್ಟಿ, "ಬಾವ, ಇಲ್ಲೊಂದು ಪಾಯಿಂಟ್ ಏಸಿಗೆ ಹಾಕ್ಬಿಡು," ಎನ್ನುತ್ತಿದ್ದ. ಮರುದಿನ ಕ್ಯಾಮೆರಾಗೆ, ಅದರ ಮರುದಿನ ಗೇಟಿನ ಕಂಬಗಳಿಗೆ. ಹಾಕಿದ್ದನ್ನು ಕಿತ್ತು ಇನ್ನೊಂದು ಗೋಡೆಗೆ ಹಾಕು ಎಂದೂ ಹೇಳಿದ. ಚನ್ನಕೇಶವ "ಆಯ್ತು" ಎನ್ನುತ್ತಿದ್ದ. ಮನೋಹರ್ ಏಣಿಯ ಮೇಲಿಂದ, "ಇದು ಎಕ್ಸ್‌ಟ್ರಾ ಮಾವ," ಎಂದರೆ, "ಬರ್ಕೊಳೋ, ಬರ್ಕೋ, ನಿಮ್ಮಾವನೇನ್ ಓಡೋಗ್ತೀನಾ?" ಎಂದು ಆಂಜಿನಪ್ಪ ಬೆನ್ನು ತಟ್ಟುತ್ತಿದ್ದ.

ಶಿವರಾತ್ರಿ ಕಳೆದ ವಾರ ಫಕೀರಪ್ಪ ಊಟದ ಹೊತ್ತಿಗೆ ಮಾತು ತೆಗೆದ. ಆರು ವರ್ಷ ಈ ಮನೆಯ ಕ್ಯಾರಿಯರಿನಲ್ಲಿ ಉಂಡವನು.

"ಅಣ್ಣಾರ, ಚಿಕ್ಕಜಾಲದಾಗ ಗೋಡೌನ್ ಕೆಲಸ ಐತ್ರಿ. ದಿನಕ್ಕ ಸಾವಿರದ ಮುನ್ನೂರು ಕೊಡ್ತಾರ."

"ಈ ಬಿಲ್ಡಿಂಗ್ ಮುಗೀಲಿ ಕಣೋ. ದುಡ್ಡು ಬಂದ ತಕ್ಷಣ ನಿಂಗೂ ಜಾಸ್ತಿ ಮಾಡ್ತೀನಿ."

"ನಿಮ್ಮ ಮನಿ ಊಟ ಬಿಟ್ಟು ಹೋಗಾಕ ಮನಸ್ಸಿಲ್ರಿ. ಆದ್ರ ಊಟಾನ ಊರಿಗೆ ಕಳಸಾಕ ಬರೂದಿಲ್ಲಲ್ರಿ."

ಮರುದಿನದಿಂದ ಅಪ್ಪ ಮಗ ಇಬ್ಬರೇ. ಬೆಳಗ್ಗೆ ಏಳಕ್ಕೆ ಹೋದರೆ ಕತ್ತಲಾದ ಮೇಲೆ ಬರುವುದು. ನಾಗಲಕ್ಷ್ಮಿ ಕ್ಯಾರಿಯರಿನ ಒಂದು ಡಬ್ಬಿ ಕಡಿಮೆ ಮಾಡಿದಳು. ಮನೋಹರ್ ಊಟಕ್ಕೆ ಕೂತರೆ ತೋಳು ಬಾಯಿವರೆಗೂ ಏಳುತ್ತಿರಲಿಲ್ಲ. ದಿವ್ಯ ರಾತ್ರಿ ಅವನ ಭುಜಕ್ಕೆ ಮುಲಾಮು ತಿಕ್ಕುತ್ತಿದ್ದಳು. ಅದನ್ನು ನೋಡಿ ನಾಗಲಕ್ಷ್ಮಿಗೆ ಚುಚ್ಚಿತು.

"ನೀವೊಂದ್ಮಾತು ಕೇಳ್ಬಾರ್ದಾ ಅವ್ನ? ಅರ್ಧ ದುಡ್ಡಾದ್ರೂ ಕೊಡು ಅಂತ?" ಎಂದು ಗಂಡನನ್ನು ಕೇಳಿದಳು.

"ಗೃಹಪ್ರವೇಶ ಆಗ್ಲಿ ಅಂದವ್ನೆ."

ಗೃಹಪ್ರವೇಶವಾಯಿತು. ಆರು ಬಗೆ ಸಿಹಿ ಇತ್ತು. ಮುನಿವೆಂಕಟಮ್ಮನಿಗೆ ಮುಂದಿನ ಕುರ್ಚಿ, ರೇಷ್ಮೆ ಸೀರೆ. ಮೂರನೆಯ ದಿನ ಆಂಜಿನಪ್ಪ ಅಪ್ಪ ಮಗನನ್ನು ಕರೆಸಿ ದುಡ್ಡು ಕೊಟ್ಟ. ಪಾಯಿಂಟಿಗೆ ಮುನ್ನೂರು. ಎಕ್ಸ್‌ಟ್ರಾ ಹಾಕಿದ್ದರಲ್ಲಿ ಅರ್ಧಕ್ಕೆ ಮಾತ್ರ.

"ಇನ್ನರ್ಧ ನಮ್ ಮನೆ ಕೆಲ್ಸ ಅಲ್ವಾ ಬಾವ?"

ಚನ್ನಕೇಶವ ನೋಟಿನ ಕಡೆ ನೋಡುತ್ತ ನಿಂತ. ಮನೋಹರ್ ಹೇಳಿದ: "ಮಾವ, ಇದ್ರಲ್ಲಿ ನನ್ ಕೂಲಿ ಇಲ್ಲ."

"ನಿಂಗ್ಯಾಕೋ ಕೂಲಿ? ಮುಂದೆ ಇದೆಲ್ಲ ನಿಂದೇ ತಾನೆ?"

"ಯಾವ್ದು ನಂದು? ಈ ಬಿಲ್ಡಿಂಗಾ?"

ಆಂಜಿನಪ್ಪನ ನಗು ಅರ್ಧಕ್ಕೆ ನಿಂತಿತು. "ಕೆಲ್ಸ ಕಣೋ. ಈ ಊರಲ್ಲಿ ಕಟ್ಟೋರೆಲ್ಲ ನಮ್ಮೋರೇ. ನಾನೊಂದು ಮಾತು ಅಂದ್ರೆ ನಿಮ್ಮಪ್ಪಂಗೆ ಹತ್ತು ಕೆಲ್ಸ ಬರ್ತೈತೆ. ಬೇಡ ಅಂದ್ರೆ ಒಂದೂ ಬರಲ್ಲ. ತಿಳ್ಕೊಂಡು ಮಾತಾಡು."

ಅದು ಬೆದರಿಕೆ. ಆದರೆ ಅವನು ಅದನ್ನು ಹೇಳುವಾಗ ಮನೋಹರನ ಕೊರಳಪಟ್ಟಿಯ ಧೂಳು ಒರೆಸುತ್ತಿದ್ದ. ಹಾಗಾಗಿ ಅದೂ ಪ್ರೀತಿಯ ಲೆಕ್ಕಕ್ಕೇ ಹೋಯಿತು.

ಆ ದುಡ್ಡಿನಲ್ಲಿ ಅಂಗಡಿಯ ಬಾಕಿ ತೀರಿತು. ಫಕೀರಪ್ಪನ ಹಳೆಯ ಕೂಲಿ ತೀರಿತು. ಮಗನ ಕೈಗೆ ಹಾಕಲು ಚನ್ನಕೇಶವ ಉಳಿಸಿಕೊಂಡದ್ದನ್ನು ಮಗ ಮುಟ್ಟಲಿಲ್ಲ.

"ಇದ್ರಲ್ಲಿ ಏನ್ ಮಾಡ್ಲಿ ಅಪ್ಪಾ? ಇಟ್ಕೊ. ಅಮ್ಮಂಗೆ ಗ್ಯಾಸ್ ತಗೊಳಕ್ಕಾಗ್ತೈತೆ."

ಆ ವಾರವೇ ಅವನು ಫೋನಿನಲ್ಲಿ ಕೆಲಸ ಹಂಚುವ ಒಂದು ಕಂಪನಿಗೆ ಸೇರಿದ. ಅವರ ಅಂಗಿ, ಅವರ ಚೀಲ. ಗೀಸರ್ ಕೂರಿಸಿದರೆ ಇಷ್ಟು, ಫ್ಯಾನ್ ತೂಗುಹಾಕಿದರೆ ಇಷ್ಟು ಎಂದು ಫೋನೇ ಹೇಳುತ್ತಿತ್ತು. ಅದರಲ್ಲಿ ಕಂಪನಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಹಾಕುತ್ತಿತ್ತು. ಕಂಪನಿಗೆ ತಿಳಿಯದಂತೆ ಗಿರಾಕಿಯಿಂದ ನೇರ ಕೆಲಸ ಹಿಡಿದರೆ ಹೆಸರು ತೆಗೆದುಹಾಕುತ್ತಿದ್ದರು.

"ಆ ಫೋನ್ ಏಳಿದ್ ಬೆಲೆಗೆ ದುಡೀತೀಯೇನ್ಲಾ? ಅದೇನ್ ನಿಮ್ಮಪ್ಪನಾ?" ಎಂದು ಮುನಿವೆಂಕಟಮ್ಮ ಕೇಳಿದಳು.

"ನಮ್ಮಪ್ಪ ಬೆಲೆನೇ ಹೇಳ್ಲಿಲ್ಲ ಅಜ್ಜಿ. ಇದು ಏನೋ ಒಂದು ಹೇಳ್ತೈತೆ."

ಚನ್ನಕೇಶವ ಅಲ್ಲೇ ಕೂತು ಉಣ್ಣುತ್ತಿದ್ದ. ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದ.

ಆಂಜಿನಪ್ಪ ಹೇಳಿದ ಹತ್ತು ಕೆಲಸ ಬರಲಿಲ್ಲ. ಊರಿನಲ್ಲಿ ಕಟ್ಟುವವರು ಈಗ ಸಾಮಾನು ಸಮೇತ ಇಡೀ ಕೆಲಸವನ್ನು ದೊಡ್ಡ ಗುತ್ತಿಗೆದಾರರಿಗೇ ಕೊಡುತ್ತಿದ್ದರು. ಗೌರಿ ಹಬ್ಬಕ್ಕೆ ಮನೆಯಲ್ಲಿ ಹೋಳಿಗೆ ಆಯಿತು, ಅದೂ ದಿವ್ಯಳ ಸಂಬಳದಲ್ಲಿ. ಮನೋಹರ್ ಹಬ್ಬದ ದಿನವೂ ಚೀಲ ಹೊತ್ತು ಹೋಗಿದ್ದ.

ಅಂಥದರಲ್ಲಿ ಸಂಜಯನಗರದಿಂದ ಒಂದು ಕೆಲಸ ಕೇಳಿಬಂತು. ಸಂಯುಕ್ತಾ ಎಂಬ ನಿವೃತ್ತ ಮೇಡಂ ಒಬ್ಬರ ಹಳೆಯ ಮನೆ. ಅಡುಗೆಮನೆ, ಬಚ್ಚಲ ಕಡೆಯ ವೈರಿಂಗ್ ಪೂರಾ ಹೊಸದಾಗಿ ಎಳೆಯಬೇಕು. ಚನ್ನಕೇಶವ ಹೋಗಿ ನೋಡಿಕೊಂಡು ಬಂದು ತಾನಾಗಿಯೇ ಸೊಸೆಯ ಮುಂದೆ ಕೂತ.

"ರೇಟ್ ಹಾಕ್ಕೊಡಮ್ಮ. ನನ್ ಕೂಲಿ, ಒಬ್ಬ ಆಳಿನ ಕೂಲಿ, ಎಲ್ಲಾ."

"ಊಟ?" ಎಂದಳು ದಿವ್ಯ, ಅತ್ತೆಯ ಕಡೆ ನೋಡದೆ.

ನಾಗಲಕ್ಷ್ಮಿ ಒಲೆಯ ಮುಂದಿಂದಲೇ ಹೇಳಿದಳು: "ಹಾಕ್ಕೋ."

ಮರುದಿನ ಚನ್ನಕೇಶವ ಸಂಯುಕ್ತಾರ ಹಜಾರದಲ್ಲಿ ನಿಂತು ಬೆಲೆ ಹೇಳಿದ. ನೋಡಿ ಕೊಡಿ ಎನ್ನಲಿಲ್ಲ. ತಲೆ ತಗ್ಗಿಸಲಿಲ್ಲ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ತನ್ನ ಕೆಲಸದ ಪೂರ್ತಿ ಬೆಲೆಯನ್ನು ಇನ್ನೊಬ್ಬರ ಮುಖ ನೋಡಿ ಹೇಳಿದ.

ಆಕೆ ಒಳ್ಳೆಯ ಹೆಂಗಸು. ಕಾಫಿ ಕೊಟ್ಟರು. "ಜಾಸ್ತಿ ಹೇಳಿದ್ರಿ ಅಂತ ನಾನು ಅನ್ನಲ್ಲ. ಆದರೆ ನಿನ್ನೆ ನೀವು ಹೋದ ಮೇಲೆ ಗೀಸರ್ ಕೂರಿಸೋಕೆ ಫೋನಲ್ಲಿ ಒಬ್ಬ ಹುಡುಗನ್ನ ಕರೆಸಿದ್ದೆ. ಈ ಕೆಲಸ ಕೇಳಿದೆ. ಭಾನುವಾರ ರಜಾ ಹಾಕಿ ಒಬ್ಬನೇ ಬಂದು ಮಾಡಿಕೊಡ್ತೀನಿ ಅಂದ."

"ಎಷ್ಟು ಕೇಳ್ದ ಅಮ್ಮ?"

"ಅದೇ ನೋಡಿ, ಏನೂ ಕೇಳಲಿಲ್ಲ. ನಂದೇ ಕೈ ಮೇಡಂ, ಅದಕ್ಕೇನು ಲೆಕ್ಕ, ನೋಡಿ ಕೊಡಿ ಅಂದ." ಅವರು ಫೋನ್ ತಿರುಗಿಸಿ ತೋರಿಸಿದರು. "ಇವನೇ. ತುಂಬ ಚೊಕ್ಕ ಕೆಲಸ. ಕಸ ಕೂಡ ಗುಡಿಸಿಟ್ಟು ಹೋದ."

ಫೋನಿನಲ್ಲಿ ಕಂಪನಿಯ ಅಂಗಿ ತೊಟ್ಟ ಮನೋಹರ್ ನಗುತ್ತಿದ್ದ. ಕೆಳಗೆ ನಾಲ್ಕೂವರೆ ನಕ್ಷತ್ರ.

ಇವನು ನನ್ನ ಮಗ ಎನ್ನುವ ಹಾಗಿರಲಿಲ್ಲ. ಮಾತು ಕಂಪನಿಯ ಕಿವಿಗೆ ಬಿದ್ದರೆ ಮಗನಿಗೆ ಇದ್ದ ಕೆಲಸವೂ ಹೋಗುತ್ತದೆ.

"ನೀವು ಅನುಭವಸ್ಥರು," ಎಂದರು ಸಂಯುಕ್ತಾ. "ಪಾಪದ ಹುಡುಗ, ಮೋಸ ಆಗಬಾರದು. ಅವನಿಗೆ ಎಷ್ಟು ಕೊಟ್ಟರೆ ನ್ಯಾಯ, ಹೇಳಿ?"

ಚನ್ನಕೇಶವ ಲೋಟ ಕೆಳಗಿಟ್ಟ. "ನಾನ್ ಹೇಳಿದಷ್ಟೇ ಕೊಡಿ ಅಮ್ಮ."

ಆಕೆ ನಕ್ಕುಬಿಟ್ಟರು. "ಅಷ್ಟು ಕೊಡೋದಾಗಿದ್ರೆ ನಿಮಗೇ ಕೊಡ್ತಿದ್ದೆನಲ್ಲ!"

ಚನ್ನಕೇಶವ ಕೈ ಮುಗಿದು ಹೊರಟ.

ಸಂಜೆ ಊಟಕ್ಕೆ ಕೂತಾಗ ನಾಗಲಕ್ಷ್ಮಿ ಮುದ್ದೆ ಇಕ್ಕುತ್ತ ಕೇಳಿದಳು: "ಏನಂದ್ರು ಸಂಜಯನಗರದೋರು?"

"ಬೇರೆ ಯಾರೋ ಕಮ್ಮಿಗೆ ಒಪ್ಕೊಂಡವ್ರಂತೆ."

"ಎಷ್ಟಕ್ಕೆ?" ಎಂದಳು ದಿವ್ಯ.

"ನೋಡಿ ಕೊಡಿ ಅಂದವ್ರಂತೆ."

"ಅಯ್ಯೋ, ಅವನ ಕೈ ಸೇದೋಗ!" ನಾಗಲಕ್ಷ್ಮಿಯ ದನಿ ಏರಿತು. "ಒಂದು ಕೆಲ್ಸ ಬಂದಿತ್ತು ಎಷ್ಟು ದಿನದ ಮೇಲೆ. ನಮ್ ಅನ್ನಕ್ಕೆ ಮಣ್ಣು ಹಾಕ್ದೋನು ಯಾವನವನು? ಅವನಿಗೇನ್ ಹೆಂಡ್ತಿ ಮಕ್ಳಿಲ್ವಾ? ಹೆತ್ತೋರಿಲ್ವಾ?"

ಮನೋಹರ್ ಆಗಷ್ಟೇ ಕೈ ತೊಳೆದು ಬಂದು ಕೂತಿದ್ದ. ಕಂಪನಿಯ ಅಂಗಿ ಇನ್ನೂ ಮೈಮೇಲಿತ್ತು. "ಇಂಥೋರಿಂದ್ಲೇ ಅಪ್ಪಾ ರೇಟ್ ಕೆಟ್ಟೋಗಿರೋದು," ಎಂದು ಮುದ್ದೆ ಮುರಿದ. "ಯಾರಂತೆ?"

ಚನ್ನಕೇಶವ ಸಾರಿನಲ್ಲಿ ಬೆರಳಾಡಿಸುತ್ತಿದ್ದ.

"ಬೈಬೇಡ ಬಿಡೇ," ಎಂದ ಹೆಂಡತಿಗೆ. ಆಮೇಲೆ ಮಗನಿಗೆ, ತಟ್ಟೆಯಿಂದ ಕಣ್ಣೆತ್ತದೆ: "ಭಾನುವಾರ ಹೋಗೋವಾಗ ನನ್ ಡ್ರಿಲ್ಲಿಂಗ್ ಮಿಶನ್ ತಗೊಂಡೋಗು. ಆ ಮನೆ ಗೋಡೆ ಸೈಜುಗಲ್ಲಿಂದು. ನಿಂದು ಕೊರೆಯಲ್ಲ."

ಮನೋಹರನ ಕೈ ತುತ್ತಿನ ಸಮೇತ ನಿಂತಿತು. ದಿವ್ಯ ಎದ್ದು ಒಳಗೆ ಹೋದಳು.

"ಯಾವ್ ಮನೆ?" ಎಂದು ನಾಗಲಕ್ಷ್ಮಿ ಕೇಳಿದಳು. "ಯಾವ್ ಮನೆ ಅಂದ್ರೆ? ಯಾರಾದ್ರೂ ಹೇಳ್ರೋ."